ಉಪ್ಪು ಹಿಟ್ಟಿನ ಹಿಡಿ

ಮಗಳು ಕಾಲೇಜಿಗೆ ಬಂದರೂ ನಾನಿನ್ನೂ ಬ್ಯಾಚುಲರ್. ದುಬೈಯ ಡಿಸ್ಕವರಿ ಗಾರ್ಡನ್ಸಿನ ಒಂದು ಫ್ಲಾಟಿನಲ್ಲಿ, ಬೇರೆ ಗಂಡಸರ ಮಂಚಗಳ ನಡುವೆ ನನಗೂ ಒಂದು ಮಂಚವಿದೆ. ಇದಕ್ಕೆ ಇಲ್ಲಿ ಬೆಡ್‌ಸ್ಪೇಸ್ ಅನ್ನುತ್ತಾರೆ. ಅಲ್ಲಿ ಮಲಗುವವರೆಲ್ಲ ಬ್ಯಾಚುಲರ್‌ಗಳು, ತಲೆ ನರೆತಿದ್ದರೂ ಸರಿ, ಮೊಮ್ಮಕ್ಕಳಿದ್ದರೂ ಸರಿ. ನನ್ನ ಹೆಂಡತಿ ಅಬುಧಾಬಿಯಲ್ಲಿ ನರ್ಸ್. ಅವಳು ಇರುವುದು ಆಸ್ಪತ್ರೆಯ ಹಾಸ್ಟೆಲಿನಲ್ಲಿ. ಗೇಟಿನೊಳಗೆ ಗಂಡಸರನ್ನು ಬಿಡುವುದಿಲ್ಲ, ಗಂಡನನ್ನೂ ಬಿಡುವುದಿಲ್ಲ. ಊರಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಓದುತ್ತಿರುವ ಮಗಳ ಫೀಸು ಕಟ್ಟಿದರೆ ಫ್ಲಾಟಿನ ಬಾಡಿಗೆ ಹುಟ್ಟುವುದಿಲ್ಲ, ಬಾಡಿಗೆ ಕೊಟ್ಟರೆ ಫೀಸು ಹುಟ್ಟುವುದಿಲ್ಲ. ಹೀಗಾಗಿ ಗಂಡ ಹೆಂಡತಿ ಒಂದೇ ದೇಶದಲ್ಲಿದ್ದೂ ನಮಗೊಂದು ಬಾಗಿಲಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಉಂಡು ಮಲಗಲು ಮನೆಯೇ ಇಲ್ಲದ ನಮ್ಮ ಜಗಳ ಮುಂದಿನ ಭಾನುವಾರದ ತನಕ. ಅವಳಿಗೆ ಡ್ಯೂಟಿ ಬಿದ್ದರೆ ಅದರ ಮುಂದಿನ ಭಾನುವಾರದ ತನಕ.

ನನ್ನ ಕೆಲಸ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಶೆಡ್ಡಿನಲ್ಲಿ. ಸೋಫಾ ಹೊಲಿಯಲು ಬಂದವನು ನಾನು. ಮಾಲೀಕನಿಗೆ ಕುದುರೆಯ ಹುಚ್ಚು ಹಿಡಿದ ಮೇಲೆ ಜೀನು, ಲಗಾಮು, ಹೊಟ್ಟೆಪಟ್ಟಿ ಹೊಲಿಯುವವನಾದೆ. ಲಾಯಗಳ ಆಳುಗಳು ಸೊಂಟದ ಚೂರಿಗೆ ತೊಗಲಿನ ಒರೆ ಕೇಳಿದರು, ಹೊಲಿದುಕೊಟ್ಟೆ. ಒರೆ ನೋಡಿದವರು ಅದರೊಳಗಿನ ಚೂರಿಯನ್ನೂ ನೀನೇ ಮಾಡು ಅಂದರು. ಲಾಳ ಕಟ್ಟುವವರು ಸವೆದ ಮೇಲೆ ಎಸೆಯುವ ಅರಗಳಿವೆಯಲ್ಲ, ಗೊರಸು ಉಜ್ಜುವ ಉದ್ದನೆಯವು, ಅವನ್ನು ತಂದು ಮಸೆದು ಅಲಗು ಮಾಡುತ್ತೇನೆ. ಹುಲ್ಲಿನ ಕಟ್ಟು ಬಿಡಿಸಲು, ಹಗ್ಗ ಕೊಯ್ಯಲು, ಕಾಲು ಸಿಕ್ಕಿಹಾಕಿಕೊಂಡ ಕುದುರೆಯನ್ನು ಬಿಡಿಸಲು ಅವರಿಗೆ ಚೂರಿ ಬೇಕೇ ಬೇಕು. ಹೆಂಡತಿ ನನ್ನನ್ನು ಕೌಬಾಯ್ ಅಂತ ಗೇಲಿ ಮಾಡುತ್ತಾಳೆ. ನಾನು ಈ ತನಕ ಕುದುರೆಯ ಮೇಲೆ ಕೂತವನಲ್ಲ.

"ನೀವು ಹೊಲಿಯುದು, ನಾನು ಹೊಲಿಗೆ ಬಿಚ್ಚುದು. ಒಳ್ಳೆ ಜೋಡಿ" ಅನ್ನುತ್ತಾಳೆ. ವಾರ್ಡಿನಲ್ಲಿ ರೋಗಿಗಳ ಹೊಲಿಗೆ ಬಿಚ್ಚುವುದು ಅವಳ ಕೆಲಸ.

ಚೂರಿಯಲ್ಲಿ ಅಲಗಿಗಿಂತ ಹಿಡಿ ಮುಖ್ಯ. ಹಿಡಿ ಕೈಗೆ ಕೂರದಿದ್ದರೆ ಎಂಥ ಅಲಗಾದರೂ ದಂಡ. ಗಿರಾಕಿಯ ಕೈಗೆ ಹಿಟ್ಟಿನ ಉಂಡೆ ಕೊಟ್ಟು ಬಿಗಿಯಾಗಿ ಹಿಡಿಯಲು ಹೇಳುತ್ತೇನೆ. ಬೆರಳುಗಳ ಅಚ್ಚು ಮೂಡಿದ ಉಂಡೆ ಇಲ್ಲಿನ ಬಿಸಿಲಿಗೆ ಒಂದೇ ಮಧ್ಯಾಹ್ನದಲ್ಲಿ ಕಲ್ಲಾಗುತ್ತದೆ. ಅದನ್ನು ಎದುರಿಗಿಟ್ಟುಕೊಂಡು ಮರ ಕೆತ್ತುತ್ತೇನೆ. ಈ ಉಪಾಯ ನನ್ನ ಹೆಂಡತಿಯದು, ಹಿಟ್ಟೂ ಅವಳದೇ. ಹುಳ ಹಿಡಿಯದಿರಲೆಂದು ಕೈತುಂಬ ಉಪ್ಪು ಹಾಕಿ ಹಾಸ್ಟೆಲಿನ ಅಡಿಗೆಮನೆಯಲ್ಲಿ ನಾದಿ, ಒದ್ದೆ ಬಟ್ಟೆ ಸುತ್ತಿ, ಡಬ್ಬಿಯಲ್ಲಿ ಹಾಕಿ ಭಾನುವಾರ ನನ್ನ ಕೈಗೆ ಕೊಡುತ್ತಾಳೆ. ನನ್ನ ರೂಮಿನವನೊಬ್ಬ ಒಮ್ಮೆ ಫ್ರಿಜ್ಜಿನಲ್ಲಿದ್ದ ಆ ಹಿಟ್ಟಿನಿಂದ ಚಪಾತಿ ಸುಟ್ಟು ತಿಂದ. ನನಗೂ, ನನಗೆ ಹೆಣ್ಣು ಕೊಟ್ಟ ಮನೆಯವರಿಗೂ ಸೇರಿಸಿ ಬೈದ. ಇದನ್ನು ಹೇಳಿದಾಗ ಅವಳು ಅಬುಧಾಬಿಯ ಕಡಲಂಚಿನ ಕಾರ್ನಿಶ್‌ನ ಬೆಂಚಿನ ಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆ ನಗುವನ್ನು ಹೊತ್ತುಕೊಂಡು ದುಬೈಗೆ ಮರಳುವ ಇಬ್ನ್ ಬತೂತಾದ ಬಸ್ಸು ಹತ್ತಿದ್ದೆ. ಒಂದು ವಾರಕ್ಕೆ ಅದು ಸಾಲಲಿಲ್ಲ.

ನಮ್ಮ ಸಂಸಾರವೆಲ್ಲ ಆ ಬೆಂಚಿನ ಮೇಲೆಯೇ. ಬೇಸಿಗೆಯಲ್ಲಿ ಬಸ್ ಸ್ಟೇಷನ್ನಿನ ಏಸಿ, ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳ. ಅವಳ ಕಾಲು ನೋಯುತ್ತಿದ್ದರೆ ಒತ್ತುವ ಹಾಗಿಲ್ಲ. ನನಗೆ ಜ್ವರ ಬಂದರೆ ಮುಟ್ಟಿ ನೋಡಲು ಅವಳು ಭಾನುವಾರಕ್ಕೆ ಕಾಯಬೇಕು. ಇಡೀ ಊರಿನ ರೋಗಿಗಳ ಹಣೆ ಮುಟ್ಟುವವಳು. ಇದು ನನ್ನ ಹೊಟ್ಟೆ ಉರಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೀಗಿರುವಾಗ ಅಬುಧಾಬಿಯ ಹೊರಗಿನ ಒಂದು ಲಾಯದಿಂದ ಕರೆ ಬಂತು. ಅಲ್ಲಿನ ಮೇಲ್ವಿಚಾರಕ ನಮ್ಮ ಕಡೆಯ ಬ್ಯಾರಿ, ಮಂಗಳೂರಿನ ಆಚೆಯವರು. ಒಂದು ಹೆಣ್ಣು ಕುದುರೆಗೆ ಕಿವಿಯ ಹಿಂದೆ ಪಟ್ಟಿ ಉಜ್ಜಿ ಉಜ್ಜಿ ಹುಣ್ಣಾಗಿತ್ತು. ವಾಸಿಯಾದ ಮೇಲೂ ತಲೆಗೆ ಏನನ್ನೂ ಕಟ್ಟಲು ಬಿಡುತ್ತಿರಲಿಲ್ಲ.

"ಪೊರ್ಬುಗಳೇ, ಇದಕ್ಕೊಂದು ಕಡಿವಾಣದ ಪಟ್ಟಿ ಮಾಡಿ ನೋಡಿ" ಅಂದರು. ನಮ್ಮೂರಲ್ಲಿ ಮರ್ಯಾದೆಗೆ ಕ್ರೈಸ್ತರನ್ನು ಪೊರ್ಬುಗಳು, ಮುಸಲ್ಮಾನರನ್ನು ಬ್ಯಾರಿಗಳು ಅಂತ ಕರೆಯುವುದು. "ಇದು ಒಪ್ಪಿದ್ರೆ ಎಲ್ಲ ಕುದುರೆದ್ದೂ ನಿಮಗೇ. ಇಲ್ಲೇ ಇದ್ದು ಕೆಲ್ಸ ಮಾಡಿ. ಫ್ಯಾಮಿಲಿಗೆ ರೂಮು ಉಂಟು, ಹೆಂಡ್ತಿನ್ನ ಕರ್ಕೊಂಡು ಬನ್ನಿ."

ರೂಮು ತೋರಿಸಿದರು. ಲಾಯದ ಹಿಂದಿನ ಸಾಲಿನಲ್ಲಿ ಕೊನೆಯದು. ಒಳಗೊಂದು ಸಣ್ಣ ಅಡಿಗೆಮನೆ, ಕಲ್ಲಿನ ಕಟ್ಟೆ, ನಲ್ಲಿ, ಕುದುರೆಗಳ ಕಡೆಗೆ ಒಂದು ಕಿಟಕಿ. ನಾನು ನೋಡಿದ್ದು ಬಾಗಿಲಿನ ಒಳಗಿನ ಚಿಲಕವನ್ನು. ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಹೊರಗೆ ನಿಂತಿದ್ದ ಬ್ಯಾರಿಗಳು, "ಎಂತ ಮಾರಾಯ್ರೆ, ಬಾಗ್ಲು ಸರಿ ಇಲ್ವಾ?" ಅಂತ ಕೇಳಿದರು. ಸರಿ ಇದೆ, ತುಂಬ ಸರಿ ಇದೆ ಅಂದೆ.

ಆ ಭಾನುವಾರ ಹೆಂಡತಿಗೆ ಕಿಟಕಿ, ಕಟ್ಟೆ, ನಲ್ಲಿ ಎಲ್ಲವನ್ನೂ ವರ್ಣಿಸಿದೆ. ಚಿಲಕದ ವಿಷಯ ಬಂದಾಗ ಅವಳು ಸಮುದ್ರದ ಕಡೆ ಮುಖ ತಿರುಗಿಸಿ, "ಈ ಪ್ರಾಯದಲ್ಲಿ ನಿಮಗೆ ಚಿಲಕವೇ ಕಂಡದ್ದಾ?" ಅಂದಳು. ಕಿವಿ ಕೆಂಪಾಗಿತ್ತು. ಆಸ್ಪತ್ರೆಗೆ ಅಷ್ಟು ದೂರ ಹೇಗೆ ಹೋಗುತ್ತೀ ಅಂತ ಕೇಳಿದ್ದಕ್ಕೆ, "ನಡ್ಕೊಂಡಾದ್ರೂ ಹೋಗ್ತೇನೆ" ಅಂದಳು.

ಕುದುರೆಯ ತಲೆಯನ್ನು ದಾರದಿಂದ ಅಳೆದು ತಂದಿದ್ದೆ. ಕಿವಿಯ ಹಿಂದೆ ಬರುವ ಪಟ್ಟಿಯನ್ನು ಅಗಲವಾಗಿ ಕೊಯ್ದು, ಹುಣ್ಣಿದ್ದ ಜಾಗದಲ್ಲಿ ಬಾಗಿಸಿ, ಒಳಗೆ ಕುರಿಯ ಮೆತ್ತನೆ ತೊಗಲಿಟ್ಟೆ. ಮೇಣ ಹಚ್ಚಿದ ಒಂದೇ ದಾರಕ್ಕೆ ಎರಡು ಕಡೆಗೂ ಸೂಜಿ. ಒಂದೇ ತೂತಿನಲ್ಲಿ ಆಚೆಯದು ಈಚೆಗೆ, ಈಚೆಯದು ಆಚೆಗೆ. ಒಂದು ಗಂಟೂ ಚರ್ಮಕ್ಕೆ ತಾಗದಂತೆ ಹೊಲಿದೆ. ಅಷ್ಟು ಆಸೆಯಿಂದ ನಾನು ಯಾವುದನ್ನೂ ಹೊಲಿದದ್ದಿಲ್ಲ.

ಅದೇ ವಾರ ಶೆಡ್ಡಿನಲ್ಲಿ ಹಿಟ್ಟಿನ ಡಬ್ಬಿ ತೆರೆದರೆ, ಮೇಲೆಯೇ ಒಂದು ಉಂಡೆ, ಆಗಲೇ ಯಾರೋ ಹಿಡಿದದ್ದು. ಸಣ್ಣ ಕೈ. ನಾಲ್ಕು ಬೆರಳಿನ ಅಚ್ಚು, ಒಂದು ಬೆರಳಿನ ಬುಡದಲ್ಲಿ ಉಂಗುರದ ಗೆರೆ. ಕೈ ಯಾರದೆಂದು ತಿಳಿದೂ ಫೋನ್ ಮಾಡಿ ಕೇಳಿದೆ.

"ಹೊಸ ಗಿರಾಕಿ" ಅಂದಳು. "ಬಂಗುಡೆ ಕೊಯ್ಲಿಕ್ಕೆ ಒಂದು ಪೀಶಕತ್ತಿ ಬೇಕಂತೆ. ಹೊಸ ಅಡಿಗೆಮನೆಗೆ. ಹಾಸ್ಟೆಲಿನ ಕತ್ತಿ ಬೆಣ್ಣೆಯನ್ನೂ ಕೊಯ್ಯುದಿಲ್ಲ."

"ಕೂಸು ಹುಟ್ಟುವ ಮೊದಲೇ ಕುಲಾವಿಯಾ?"

"ಹೊಲಿಯುವವ ಗಂಡನೇ ಆದ್ರೆ ಮೊದಲೇ ಹೇಳ್ಬೇಕು. ಇಲ್ಲದಿದ್ರೆ ಕೂಸಿಗೆ ಮದುವೆ ಪ್ರಾಯ ಆಗ್ತದೆ."

ಉಂಡೆಯನ್ನು ಬಿಸಿಲಿಗಿಟ್ಟೆ. ಒಣಗುವ ತನಕ ಪಕ್ಕದಲ್ಲೇ ನಿಂತಿದ್ದೆ, ಬೆಕ್ಕು ಬಂದೀತು ಅನ್ನುವ ನೆಪ ಮಾಡಿಕೊಂಡು.

ಪಟ್ಟಿಯನ್ನು ಲಾಯಕ್ಕೆ ತೆಗೆದುಕೊಂಡು ಹೋದ ದಿನ ಕುದುರೆ ಒಮ್ಮೆ ತಲೆ ಕೊಡವಿತು, ಆಮೇಲೆ ಸುಮ್ಮನೆ ನಿಂತಿತು. ಬ್ಯಾರಿಗಳು ನನ್ನ ಬೆನ್ನು ತಟ್ಟಿದರು. ಕೆಲವು ದಿನ ನಾನು ನೆಲದ ಮೇಲೆ ನಡೆದೆನೋ ಇಲ್ಲವೋ ಗೊತ್ತಿಲ್ಲ. ಆಮೇಲೆ ಅವರದೇ ಫೋನ್ ಬಂತು.

"ಪೊರ್ಬುಗಳೇ, ನಿಮ್ಮ ಕೆಲ್ಸಕ್ಕೆ ಹೆಸ್ರಿಡುವ ಹಾಗಿಲ್ಲ. ಆದ್ರೆ ಹೊಸ ಟ್ರೈನರ್ ಬಂದಿದ್ದಾನೆ. ಇನ್ನು ಎಲ್ಲ ಕುದುರೆಗೂ ಪ್ಲಾಸ್ಟಿಕ್ ಪಟ್ಟಿ. ತೊಗಲು ಖಲಾಸ್. ನಾನು ಹೇಳಿ ನೋಡಿದೆ, ಆಗ್ಲಿಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎರಡು ದಿನ ಎಲ್ಲರ ಮೇಲೂ ಹರಿಹಾಯ್ದೆ. ಆ ಪ್ಲಾಸ್ಟಿಕ್ಕಿನ ಒಂದು ತುಂಡು ತರಿಸಿ ಎಳೆದೆ, ನೀರಲ್ಲಿ ನೆನೆಸಿದೆ, ಬಿಸಿಲಿಗಿಟ್ಟೆ. ಬೈಯಲು ಒಂದು ತಪ್ಪು ಹುಡುಕಿದೆ, ಸಿಗಲಿಲ್ಲ. ಬೆವರು ಹಿಡಿಯುವುದಿಲ್ಲ, ಬಿರಿಯುವುದಿಲ್ಲ, ನೀರು ಬಿಟ್ಟರೆ ಕೊಳೆ ತೊಳೆದುಹೋಗುತ್ತದೆ. ಕುದುರೆಗೆ ಒಳ್ಳೆಯದೇ. ನಮಗೆ ಮಾತ್ರ ಆಗಲಿಲ್ಲ.

ಭಾನುವಾರ ಬೆಂಚಿನ ಮೇಲೆ ಹೇಳಿದೆ. ಅವಳು ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಮುಚ್ಚಳ ಬಿಗಿ ಮಾಡಿದಳು. ನಮ್ಮ ಎದುರಿನಿಂದ ಸೈಕಲ್‌ಗಳು ಹೋದವು, ತಳ್ಳುಗಾಡಿಯಲ್ಲಿ ಮಕ್ಕಳು ಹೋದರು.

"ಪೀಶಕತ್ತಿ ಎಲ್ಲಿಗೆ ಬಂತು?" ಅಂತ ಕೇಳಿದಳು.

"ಹಿಡಿ ಆಗಿದೆ. ಮಸೆಯುವುದು ಬಾಕಿ."

"ಮುಗಿಸಿ. ಅಡಿಗೆಮನೆ ಆಮೇಲೆ ನೋಡುವ."

"ಹಾಸ್ಟೆಲಿಗೆ ತಗೊಂಡು ಹೋಗ್ತೀಯಾ?"

"ಬೇಡ. ಅಲ್ಲಿ ಎಲ್ರೂ ಹಿಡೀತಾರೆ. ನಿಮ್ಮತ್ರ ಇರ್ಲಿ." ಇಷ್ಟು ಹೇಳಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಎದ್ದಳು. ಬಸ್ಸಿನ ತನಕ ನನ್ನ ತೋಳು ಹಿಡಿದೇ ಬಂದಳು. ಯಾರು ನೋಡಿದರೂ ನೋಡಲಿ ಅನ್ನುವ ಹಾಗೆ.

ಮುಗಿಸಿದೆ. ನಾನು ಮಾಡಿದ ಚೂರಿಗಳಲ್ಲೆಲ್ಲ ಒಳ್ಳೆಯದು ಅದು. ಕುದುರೆಯ ಪಟ್ಟಿಯಲ್ಲಿ ಮಿಕ್ಕ ತೊಗಲಿನಿಂದ ಅದಕ್ಕೆ ಒರೆ ಹೊಲಿದೆ. ಈಗ ನನ್ನ ಮೇಜಿನ ಖಾನೆಯಲ್ಲಿದೆ. ಒಂದು ಮೀನೂ ಅದರ ಕೆಳಗೆ ಬಂದಿಲ್ಲ, ಆದರೂ ತುಕ್ಕು ಹಿಡಿಯದಂತೆ ಎಣ್ಣೆ ಒರೆಸುತ್ತಿರುತ್ತೇನೆ. ಮಧ್ಯಾಹ್ನ ಉಳಿದವರು ಊಟಕ್ಕೆ ಹೋದಾಗ ಅದನ್ನು ತೆಗೆದು ಹಿಡಿದುಕೊಳ್ಳುತ್ತೇನೆ. ಅವಳು ಬೇಕು ಅನ್ನಿಸುತ್ತದೆ, ಹಸಿವಾದ ಹಾಗೆಯೇ, ಅದೇ ಹೊತ್ತಿಗೆ. ಹಿಡಿ ನನ್ನ ಕೈಗೆ ಸಣ್ಣದು. ಅವಳ ಬೆರಳುಗಳ ತಗ್ಗಿನಲ್ಲಿ ನನ್ನ ಬೆರಳು ಕೂರುವುದಿಲ್ಲ, ಉಂಗುರ ಒತ್ತಿದ ಜಾಗದಲ್ಲಂತೂ ಕೂರುವುದೇ ಇಲ್ಲ. ಕೆಲಸ ಸರಿಯಾಗಿದೆ ಅಂತ ಅದರಿಂದಲೇ ಗೊತ್ತಾಗುತ್ತದೆ.