ಮಗ್ಗದ ಸಪ್ಪಳದೊಳಗಿನ ಮಾತು

ಇವತ್ತು ನಳಕ್ಕೆ ನೀರು ಬರುವ ಮೊದಲೇ ಎದ್ದು ಅಂಗಳ ಗುಡಿಸಿದೆ, ಹಂಡೆ ತುಂಬಿಸಿದೆ, ರೊಟ್ಟಿ ಬಡಿದೆ, ಅಗಸಿ ಹುರಿದು ಹಿಂಡಿ ಕುಟ್ಟಿದೆ, ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತಿದೆ. ಮಧ್ಯಾಹ್ನ ಗೂಟಕ್ಕೆ ತೂಗುಬಿದ್ದಿದ್ದ ಅತ್ತೆಯ ಎಲೆಯಡಿಕೆ ಚೀಲವನ್ನು ಒಗೆದೆ. ನೀರು ಕೆಂಪಾಯಿತು.

ಅತ್ತೆಯ ತುಟಿಗಳೂ ಸದಾ ಹೀಗೇ ಕೆಂಪು. ಮಗ್ಗದ ಮನೆಯ ಆ ತುದಿಯಲ್ಲಿ ಅವರು ಬಾಯಾಡಿಸಿದರೆ ಈ ತುದಿಗೆ ಅಕ್ಷರ ಅಕ್ಷರ ಕಾಣುತ್ತಿತ್ತು. ರಾಮದುರ್ಗದ ನಮ್ಮ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿವೆ. ಅವು ನಡೆಯುವಾಗ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳಿಸದು. ಅದಕ್ಕೇ ನಮ್ಮಲ್ಲಿ ದನಿ ಹಾಕದೆ, ಎದುರಿಗೆ ಮುಖ ಕೊಟ್ಟು, ಬರೀ ತುಟಿಯಲ್ಲಿ ಮಾತಾಡುವ ರೂಢಿ. ನಾನು ಬೈಲಹೊಂಗಲದ ಕಡೆಯ ರೈತರ ಮನೆಯಿಂದ ಬಂದವಳು. ಈ ವಿದ್ಯೆ ಕಲಿಸಿದವರು ಅತ್ತೆ. "ಬಾಯಿ ದೊಡ್ಡದ ತೆಗಿಯವ್ವಾ, ನೊಣ ಏನ್ ಹೋಗೂದಿಲ್ಲ" ಎಂದಿದ್ದರು.

ಅವರ ತುಟಿಯ ಮಾತಿನಿಂದಲೇ ಮಗ್ಗದ ಮನೆ ಜೀವ ಹಿಡಿದುಕೊಂಡಿತ್ತು. ಒಮ್ಮೆ ಸೀರೆ ಕೊಳ್ಳಲು ಬಂದ ವ್ಯಾಪಾರಿ ಒಂದೊಂದೇ ಸೆರಗು ತಿರುವಿ ಹಾಕುತ್ತ ಏನೋ ಹೇಳುತ್ತಿದ್ದ. ಅತ್ತೆ ಅವನ ಬೆನ್ನ ಹಿಂದೆ ನಿಂತು, "ಇಂವ ಸೀರಿ ಕೊಳ್ಳಾಕ ಬಂದಾನೋ, ಕನ್ಯಾ ನೋಡಾಕ ಬಂದಾನೋ?" ಎಂದು ತುಟಿಯಾಡಿಸಿದರು. ನಾವೆಲ್ಲ ನಕ್ಕೆವು. ತನ್ನ ಮಾತಿಗೇ ನಕ್ಕರೆಂದುಕೊಂಡು ಅವನೂ ನಕ್ಕ.

ಇಂಥ ಮನೆಯಲ್ಲಿ ಒಬ್ಬರ ಕಿವಿ ಹೋದರೆ ಯಾರಿಗೆ ತಿಳಿಯಬೇಕು? ಯಾರಿಗೂ ಏನೂ ಕೇಳಿಸದ ಕಡೆ ಎಲ್ಲರೂ ಸಮಾನರೇ. ಒಂದು ದಿನ ಕರೆಂಟು ಹೋಗಿ ಮಗ್ಗಗಳು ನಿಂತವು. ನಾನು ಹಿಂದಿನಿಂದ, "ಅತ್ತೀ, ಚಾ ಕುಡೀತೀರೇನ್ರಿ?" ಎಂದೆ. ತಿರುಗಲಿಲ್ಲ. ಮತ್ತೆ ಕೂಗಿದೆ. "ಅವ್ವ ಸಿಟ್ಟಾಗಿರಬೇಕು" ಎಂದರು ನಮ್ಮ ಯಜಮಾನರು. ಎದುರಿಗೆ ಹೋಗಿ ಕಪ್ಪು ತೋರಿಸಿದಾಗ ಅತ್ತೆ, "ಕೇಳಾಕೇನ ಬಾಯಿ ಬಿದ್ದಾವೇನ?" ಎಂದು ನಮಗೇ ಗದರಿದರು.

ಬೆಳಗಾವಿಯ ಕಿವಿ ಡಾಕ್ಟರು ಬಿಡಿಸಿ ಹೇಳಿದರು. "ಕಿವಿ ಒಳಗ ಶಂಖದಂಥಾ ಸುರುಳಿ ಐತಿ, ಅದರಾಗ ನೀರು. ನೀರಾಗ ಜ್ವಾಳದ ಬೆಳಿ ನಿಂತಂಗ ಸಣ್ಣ ಸಣ್ಣ ಕೂದಲಿನ ಕೋಶ. ಸಪ್ಪಳ ಬಂದ್ರ ನೀರು ಅಲುಗಿ ಆ ಕೂದಲು ಬಾಗತಾವ, ಸುದ್ದಿ ಮಿದುಳಿಗೆ ಮುಟ್ಟತೈತಿ. ದಿನಾ ಬಿರುಗಾಳಿ ಬೀಸಿದ್ರ ಬೆಳಿ ಮಲಗತೈತಿ. ಮಲಗಿದ್ದು ಮತ್ತ ಏಳೂದಿಲ್ಲ." ಇನ್ನೊಂದು ಮಾತೂ ಹೇಳಿದರು: ಮೈಯಲ್ಲಿನ ಎಲ್ಲಕ್ಕಿಂತ ಸಣ್ಣ ಸ್ನಾಯು ಇರುವುದು ಕಿವಿಯೊಳಗೆ, ದೊಡ್ಡ ಸಪ್ಪಳ ಬಂದೊಡನೆ ಅದು ಬಿಗಿದು, ಒಳಗಿನ ಪುಟ್ಟ ಎಲುಬನ್ನು ಜಗ್ಗಿ ಹಿಡಿದು, ಪೆಟ್ಟು ತಗ್ಗಿಸುತ್ತದೆ, ದಿನವಿಡೀ ಜಗ್ಗಿದರೆ ಪಾಪ ಅದೂ ದಣಿಯುತ್ತದೆ.

ಡಾಕ್ಟರ ಮುಖಕ್ಕೆ ಮಾಸ್ಕು. ಅತ್ತೆ ನನ್ನನ್ನು ನೋಡಿದರು. ನಾನು ಎಲ್ಲವನ್ನೂ ತುಟಿಯಲ್ಲಿ ಹೇಳಿದೆ. ಅತ್ತೆ ನಕ್ಕು, "ಹಂಗಾರ ನೇಕಾರರಂಗ ಅದಕ್ಕೂ ಅಮಾಸಿಗೆ ಅಷ್ಟ ಸೂಟಿ ಅನ್ನು" ಎಂದರು. ಅಮಾವಾಸ್ಯೆಯ ದಿನ ನಮ್ಮಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ.

ಉಳಿದಷ್ಟು ಕಿವಿಯಾದರೂ ಉಳಿಯಬೇಕೆಂದರೆ ಸಪ್ಪಳದಿಂದ ದೂರ ಇಡಿ ಎಂದರು ಡಾಕ್ಟರು. ಕಿವಿಗೆ ಯಂತ್ರ ಹಾಕಿದರೆ ಮಗ್ಗದ ಬಡಿತ ತಲೆಗೇ ಹೊಡೆಯುತ್ತದೆಂದು ಅತ್ತೆ ಅದನ್ನು ತೆಗೆದಿಟ್ಟಿದ್ದರು. ಕೊನೆಗೆ ಸವದತ್ತಿ ತಾಲೂಕಿನ ಚಚಡಿಯಲ್ಲಿರುವ ಮಗಳ ಮನೆಗೆ ಕಳಿಸಿದೆವು. ಹೊಲದ ನಡುವಿನ ತಣ್ಣನೆಯ ಮನೆ. ಪ್ರೀತಿಗೆ ಏನೂ ಕೊರತೆ ಇರಲಿಲ್ಲ.

ಆದರೆ ಸದ್ದಿಲ್ಲದ ಊರಲ್ಲಿ ಯಾರೂ ಮುಖ ನೋಡಿ ಮಾತಾಡುವುದಿಲ್ಲ. ಒಲೆಯ ಕಡೆ ತಿರುಗಿ ಮಾತಾಡುತ್ತಾರೆ, ಹೋಗುತ್ತ ಹೋಗುತ್ತ ಮಾತಾಡುತ್ತಾರೆ, ಅಳಿಯನದಂತೂ ಮೀಸೆಯೊಳಗಿನ ಮಾತು. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದ ಅತ್ತೆ ಅಲ್ಲಿ ಕಿವುಡ ಮುದುಕಿಯಾದರು. ಹೊರಗಿನ ಸಪ್ಪಳ ನಿಂತಂತೆ ಕಿವಿಯೊಳಗೆ ಜೀರುಂಡೆ ಕೂಗಲು ಹತ್ತಿತು, ನಿದ್ದೆ ಹಾರಿಹೋಯಿತು.

ಒಂದು ದಿನ ನಾದಿನಿ ವಿಡಿಯೋ ಕಾಲ್ ಹಚ್ಚಿಕೊಟ್ಟಳು. ಅತ್ತೆ ಬಾಯಾಡಿಸಿದರು, ದನಿ ಬರಲಿಲ್ಲ. "ಫೋನ್ ಕೆಟ್ಟೈತಿ ನೋಡು ವೈನಿ" ಎಂದಳು ನಾದಿನಿ. ಫೋನು ಸರಿಯಾಗಿಯೇ ಇತ್ತು. ಮಗಳಿಗೆ ಕೇಳಿಸಿ ನೋವಾಗಬಾರದೆಂದು ಅತ್ತೆ ಬರೀ ತುಟಿಯಲ್ಲಿ ಹೇಳಿದ್ದರು: "ನನ್ನ ಕರಕೊಂಡ ಹೋಗ್ರಿ. ಇಲ್ಲಿ ನಾ ಯಾರಿಗೂ ಇಲ್ಲ."

ನಮ್ಮ ಯಜಮಾನರು ನನ್ನ ಪಕ್ಕದಲ್ಲೇ ನಿಂತು ಓದಿದರು. "ಕಿವಿ ಉಳೀಲಿ ಅವ್ವಾ, ಇನ್ನೊಂದೀಟು ದಿನ" ಎಂದು ಅವರೂ ತುಟಿಯಲ್ಲೇ ಉತ್ತರಿಸಿದರು. ಅತ್ತೆ ತಲೆಯಾಡಿಸಿ ಫೋನನ್ನು ಮಗಳ ಕೈಗೆ ಕೊಟ್ಟರು. ಕಿವಿ ಉಳಿಸುವ ಆಸೆಯಲ್ಲಿ ಮಾತನ್ನೇ ಕಸಿದುಕೊಂಡಿದ್ದೆವು ಎಂಬುದು ನಮಗೆ ಅರಿವಾಗುವಷ್ಟರಲ್ಲಿ ಅವರು ಮುಸ್ಸಂಜೆಯ ಕತ್ತಲಲ್ಲಿ ಅಲ್ಲಿನ ದನದ ಮನೆಯಲ್ಲಿ ಬಿದ್ದರು. "ಮೈ ಬೀಳದಂಗ ತೋಲ ಕಾಯೂದೂ ಕಿವಿನ" ಎಂದರು ಡಾಕ್ಟರು. "ಬೆಳಕಿದ್ರ ಕಣ್ಣು ಆಸರಾಗತಾವ. ಕತ್ತಲಾಗ ಕಿವಿಯಿಂದ ಸುದ್ದಿ ತಡಾ ಆದ್ರ, ಕಾಲಿನ ಸ್ನಾಯು ಬಿಗಿಯೂದೂ ತಡಾ."

ಆಮೇಲೆ ಅವರು ಬಹಳ ದಿನ ಬದುಕಲಿಲ್ಲ. ಬಿದ್ದ ಮೇಲೆ ಅವರನ್ನು ನಮ್ಮ ಮನೆಗೆ ಕರೆತಂದದ್ದು ಅಮಾವಾಸ್ಯೆಯ ದಿನ. ಕೆಲಸಕ್ಕೆ ಸೂಟಿ ಇರುತ್ತದೆ, ಅವತ್ತೇ ಹೋದರಾಯಿತು ಎಂದುಕೊಂಡಿದ್ದೆವು. ಮಗನ ತೋಳು ಹಿಡಿದು ಒಳಗೆ ಬಂದ ಅತ್ತೆ ನಿಂತ ಮಗ್ಗಗಳನ್ನು ನೋಡಿದರು.

"ಯಾರ ಸತ್ತಾರ?"

"ಅಮಾಸಿ ಐತ್ರಿ ಅತ್ತೀ."

"ಇಲ್ಲೂ ಬಂತಲ್ಲ ಜೀರುಂಡಿ" ಎಂದು ಕಿವಿ ಮುಚ್ಚಿಕೊಂಡು ಕುಳಿತರು.

ನಮ್ಮ ಯಜಮಾನರು ಮಗ್ಗಕ್ಕೆ ಕೈಮುಗಿದು ಗುಂಡಿ ಒತ್ತಿದರು. ಸಪ್ಪಳ ಕೇಳಿ ಪಕ್ಕದ ಮನೆಯವನು ಓಡಿಬಂದು, "ಏ, ಬುದ್ಧಿ ಐತೇನಲೇ? ಅಮಾಸಿ ಇವತ್ತ!" ಎಂದು ಕೂಗಿದ. ಯಜಮಾನರು ಅವನ ಕಡೆ ತಿರುಗಿ, ತುಟಿಯಾಡಿಸಿದರು: "ಅವ್ವ ಬಂದಾಳ."

ಅತ್ತೆ ಅಂಗಾಲನ್ನು ನೆಲಕ್ಕೆ ಒತ್ತಿ ಕುಳಿತು, ಆ ಬಡಿತಕ್ಕೆ ಮೆಲ್ಲಗೆ ತಲೆ ತೂಗಿದರು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ ಮಾಡಿದ್ದೆ. ಅವರು ಅರ್ಧ ಹೋಳಿಗೆ ತಿಂದು, ಉಳಿದರ್ಧವನ್ನು ಮಗನ ತಾಟಿಗೆ ಹಾಕಿದರು. ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿಕೊಟ್ಟೆ. ನಾನಿನ್ನೂ ಎಂಜಲು ಬಳಿಯುತ್ತಿದ್ದೆ, ಯಜಮಾನರು ಮಗ್ಗ ಬಿಟ್ಟು ಕದಲಿರಲಿಲ್ಲ. ಮೊದಲು ನಿದ್ದೆ ಹೋದವರು ಅತ್ತೆ.