ಖಾಲಿ ಜಾಗ ಎಂದು ನಾನು ಬರೆದದ್ದು

ಹೋದ ವಾರ ಬ್ರೋಕರೊಬ್ಬ ನನ್ನ ಮೊಬೈಲಿಗೆ ಒಂದು ಲೇಔಟಿನ ನಕ್ಷೆ ಕಳಿಸಿದ. ಮಾಕಳಿಯಿಂದ ಒಳಗೆ ಹೋದರೆ ಸಿಗುವ ಊರು. "ಸಕ್ಕತ್ ಜಾಗ ಮೇಡಂ, ಮಕ್ಕಳಿಗೆ ಪಾರ್ಕ್ ಬೇರೆ ಬಿಟ್ಟಿದಾರೆ" ಎಂದ. ಸೈಟು ಕೊಳ್ಳುವ ಯೋಗ್ಯತೆ ನನಗಿಲ್ಲ. ನೋಡುವುದಕ್ಕೇನು ಎಂದು ಬೆರಳಿನಲ್ಲಿ ಹಿಗ್ಗಿಸಿದೆ. ಅರಳೀಕಟ್ಟೆ, ಅದರ ಹಿಂದೊಂದು ತಿರುವು, ತಿರುವಿನಲ್ಲಿ ಹಸಿರು ಬಣ್ಣದ ಪಾರ್ಕು. ಆ ತಿರುವಿನ ಗುರುತು ಸಿಕ್ಕಿತು. ಆ ಹಸಿರಿನ ಕೆಳಗೆ ಒಂದು ಬಾವಿ ಇದೆ. ಗೊತ್ತಿದ್ದೂ ಅದನ್ನು ಕಾಗದದಿಂದ ಅಳಿಸಿದವಳು ನಾನೇ.

ಹೇಗೆ ಅಂತೀರಾ? ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ನಾನು ಹಳ್ಳಿಗಳಲ್ಲಿ ಕೆಲಸ ಮಾಡುವ ಒಂದು ಸಂಸ್ಥೆಗೆ ಹೊಸದಾಗಿ ಸೇರಿದ್ದೆ. ಊರಿಗೆ ಏನು ಬೇಕೆಂದು ಊರವರೇ ಹೇಳಬೇಕು, ನಾವು ಬರೆದುಕೊಳ್ಳಬೇಕು. ಅದು ನಮ್ಮ ಪದ್ಧತಿ. ಕೇಳುವುದಕ್ಕೆ ಚೆಂದ. ಮೂರು ದಿನದ ತರಬೇತಿ ಮುಗಿಸಿದ್ದ ನನಗೋ, ಊರಿನ ಬಗ್ಗೆ ಊರಿಗಿಂತ ನನಗೇ ಜಾಸ್ತಿ ಗೊತ್ತೆನ್ನುವ ಜಂಬ. ಕೊರಳಿನ ಗುರುತಿನ ಚೀಟಿಯನ್ನು ಬಸ್ಸಿನಲ್ಲೂ ತೆಗೆಯುತ್ತಿರಲಿಲ್ಲ.

ಅಂಗನವಾಡಿ ಎಲ್ಲಿ ಕಟ್ಟಬೇಕೆಂದು ತೀರ್ಮಾನಿಸಲು ಆ ಊರಿನ ಹೆಂಗಸರ ಸಂಘ ಸೇರಿತ್ತು. ದೇವಸ್ಥಾನದ ಮುಂದೆ ನೆಲ ಸಾರಿಸಿ ಅದರ ಮೇಲೆ ಇಡೀ ಊರಿನ ನಕ್ಷೆ ಬಿಡಿಸಿದರು. ಬೀದಿಗೆ ರಂಗೋಲಿ, ಮನೆಗೆ ಇಟ್ಟಿಗೆಪುಡಿ, ಕೆರೆಗೆ ಹಸಿ ಸೊಪ್ಪು. ಅರಳೀಕಟ್ಟೆಯ ಹಿಂದಿನ ತಿರುವಿನಲ್ಲಿ ಗೇಣಗಲ ಜಾಗವನ್ನು ಮಾತ್ರ ಹಾಗೇ ಬಿಟ್ಟು, ಎಲ್ಲರೂ ಅದನ್ನು ಸುತ್ತಿಕೊಂಡೇ ಓಡಾಡುತ್ತಿದ್ದರು. ನಾನು ನೋಡದೆ ಅಲ್ಲಿ ಕಾಲಿಟ್ಟೆ. "ಅಯ್ಯೋ ಶಿವನೇ!" ಎಂದು ಒಬ್ಬಾಕೆ ಕಿರುಚಿದಳು.

ಸಂಘದ ಹಿರಿಯಳು ಮುನಿಯಮ್ಮ ನನ್ನ ಕೈಹಿಡಿದು ಈಚೆಗೆಳೆದಳು. "ಅಲ್ಲಿ ಬಾವಿ ಐತೆ ಕಣವ್ವ. ಕುಸಿದಾಗ ನಮ್ ಕೆಂಪಮ್ಮ ಒಳೀಕ್ಕೋದ್ಳು. ಮೇಲಕ್ಕೆ ತರಕ್ಕಾಗ್ಲಿಲ್ಲ. ಚಪ್ಪಡಿ ಎಳ್ದು ಮಣ್ಣಾಕವ್ರೆ."

"ಹಾಗಾದ್ರೆ ಬಾವಿ ಅಂತ ಒಂದು ಸುತ್ತು ಬಿಡಿಸಿ."

"ಅವ್ಳ ಮೇಲೆ ಗೀಟು ಎಳೀತಾರಾ?" ಎಂದಳು.

ಆಮೇಲೆ ಮತ. ಒಬ್ಬೊಬ್ಬರಿಗೆ ಒಂದೊಂದು ಹುಣಸೆ ಬೀಜ, ಅಂಗನವಾಡಿ ಎಲ್ಲಿ ಬೇಕೋ ನಕ್ಷೆಯಲ್ಲಿ ಅಲ್ಲಿಗೆ ಹಾಕಬೇಕು. ನಾನೇ ಎಣಿಸಿ ಹದಿನೆಂಟು ಹಂಚಿದ್ದೆ. ಎಲ್ಲರೂ ಕೆರೆ ಏರಿಯ ಪಕ್ಕದ ಜಾಗಕ್ಕೇ ಹಾಕಿದರು. ಎಣಿಸಿದರೆ ಹತ್ತೊಂಬತ್ತು. ಮತ್ತೆ ಎಣಿಸಿದೆ, ಹತ್ತೊಂಬತ್ತೇ. ಮಿಕ್ಕ ಬೀಜಗಳ ಗಂಟು ನನ್ನ ಚೀಲದಲ್ಲಿ ಬಿಚ್ಚದೆ ಹಾಗೇ ಇತ್ತು. ರಾಶಿಯಲ್ಲಿದ್ದ ಒಂದು ಬೀಜ ಒದ್ದೆಯಾಗಿತ್ತು.

"ಯಾರ್ರೀ ಎರಡು ಹಾಕಿದ್ದು?" ಎಂದು ರೇಗಿದೆ. ಯಾರೂ ಹಾಕಿರಲಿಲ್ಲ.

"ಕೆಂಪೀನೂ ಸಂಘದೋಳೇ ಅಲ್ವಾ" ಎಂದಳು ಮುನಿಯಮ್ಮ, ಸಾರಿಗೆ ಉಪ್ಪು ಸಾಕು ಅನ್ನುವಷ್ಟು ಸಲೀಸಾಗಿ.

ಹೆದರಿದವಳಿಗೆ ಸಿಟ್ಟು ಬೇಗ ಬರುತ್ತದೆ ನೋಡಿ. ಆ ಒದ್ದೆ ಬೀಜವನ್ನು ತೆಗೆದು ಚರಂಡಿಗೆ ಎಸೆದೆ. ಸಂಜೆ ನಕ್ಷೆಯನ್ನು ಕಾಗದಕ್ಕೆ ಇಳಿಸುವಾಗ ಮತ್ತೆ ಅದೇ ಪೇಚಾಟ. ಬಾವಿ ಎಂದು ಬರೆದರೆ ಕೆಂಪಮ್ಮನ ಕಥೆಯನ್ನೂ ಹೇಳಬೇಕು, ಆಫೀಸಿನ ಸಾಹೇಬರು ನಗುತ್ತಾರೆ. 'ಖಾಲಿ ಜಾಗ' ಎಂದು ಬರೆದು, ಕೆಳಗೆ 'ಊರವರು ಹೇಳಿದಂತೆ' ಎಂದು ಸಹಿ ಹಾಕಿ ಪಂಚಾಯ್ತಿಗೆ ಕೊಟ್ಟೆ. ಅಂಗನವಾಡಿ ಏರಿಯ ಪಕ್ಕದಲ್ಲೇ ಎದ್ದಿತು. ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ನಾನೂ ಮರೆತೆ.

ಈಗ ಬ್ರೋಕರಿಗೆ ಫೋನು ಮಾಡಿ ಬಾವಿಯ ವಿಷಯ ಹೇಳಿದರೆ ಆತ ನಕ್ಕ. "ಪಂಚಾಯ್ತಿ ಫೈಲಲ್ಲಿ ಹಳೇ ನಕ್ಷೆ ಇದೆ ಮೇಡಂ. ಖಾಲಿ ಜಾಗ ಅಂತ ಸಹಿ ಸಮೇತ ಬರ್ದಿದಾರೆ. ನೆಲ ಸಮ ಮಾಡಿ ಜೋಕಾಲಿ ನಿಲ್ಸೋದೊಂದೇ ಬಾಕಿ." ಹಳೆಯ ಚಪ್ಪಡಿ ಇನ್ನೆಷ್ಟು ದಿನ ತಡೆದೀತು? ಅದರ ಮೇಲೆ ಮಕ್ಕಳು ಕುಣಿಯುತ್ತವೆ. ಮರುದಿನವೇ ಆ ಊರಿನ ಬಸ್ಸು ಹತ್ತಿದೆ.

ಹೋದಾಗ ಮಟಮಟ ಮಧ್ಯಾಹ್ನ. ಬಾವಿಯ ಜಾಗದಲ್ಲಿ ಜೆಸಿಬಿಯ ಮುಂದೆ ಸಂಘದ ಹೆಂಗಸರು ಸಾಲಾಗಿ ಕೂತಿದ್ದರು, ನಡುವೆ ಒಬ್ಬರು ಕೂರುವಷ್ಟು ತೆರವು ಬಿಟ್ಟು. ಆ ಬಿಸಿಲಲ್ಲೂ ಅಲ್ಲಿನ ಮಣ್ಣು ಹಸಿಯಾಗಿತ್ತು. ಮುನಿಯಮ್ಮ ಹಣ್ಣುಹಣ್ಣಾಗಿದ್ದಳು, ಕಣ್ಣು ಕಾಣಿಸದು. ನಾನು ಮಾತಾಡಿಸಿದೊಡನೆ ದನಿಯಿಂದಲೇ ಗುರುತು ಹಿಡಿದಳು.

"ಲೇಔಟಿನ ಇಂಜಿನಿಯರ್ರು ಒಂದು ಕಾಗ್ದ ತೋರಿಸ್ತವ್ನೆ ಕಣವ್ವ. ಬಾವಿ ಇಲ್ಲ ಅಂತ ನಾವೇ ಹೇಳಿದ್ವಂತೆ. ನಾವು ಯಾವತ್ತಂದ್ವಿ ಅಂಗೆ?"

ಇಡೀ ಊರಿನ ಬಾಯಲ್ಲಿ ಸುಳ್ಳು ಆಡಿಸಿದ್ದೆ ನಾನು.

"ಆ ನಕ್ಷೆ ತಪ್ಪು ಸಾರ್. ಊರವರು ಬಾವಿ ಇದೆ ಅಂತಲೇ ಹೇಳಿದ್ರು. ಅಳಿಸಿದವಳು ನಾನು" ಎಂದೆ, ಜೆಸಿಬಿಯ ಪಕ್ಕ ನಿಂತಿದ್ದ ಇಂಜಿನಿಯರಿಗೆ.

"ಹಂಗಂತ ಬರ್ಕೊಡ್ತೀರಾ?" ಎಂದ.

ಕಾಗದ ತೆಗೆದುಕೊಂಡು ಮುನಿಯಮ್ಮನ ಎದುರು ಕೂತೆ. "ನೀವು ಹೇಳಿ, ನಾನು ಬರ್ಕೋತೀನಿ."

ಅವಳು ನನ್ನತ್ತ ತಿರುಗಲಿಲ್ಲ. ಪಕ್ಕದ ಹಸಿ ಮಣ್ಣಿನತ್ತ ಮುಖ ಮಾಡಿ, "ಕೆಂಪೀ, ಮದ್ಲು ನೀನು ಮಾತಾಡು. ಈ ಸಲ ಬರ್ಕೋತಾಳಂತೆ" ಎಂದಳು.

ನಾನು ಪೆನ್ನು ಹಿಡಿದು ಕಾದೆ.