ವಾಮನರಾಯರು ಕೇಳಿದ ಪ್ರಶ್ನೆ

ಸುದ್ದಿ ಓದಲು ಕೂರುವ ಮುನ್ನ ವಾಮನರಾಯರು ಒದ್ದೆ ಕರವಸ್ತ್ರದಿಂದ ಎರಡೂ ಕಿವಿ ಒರೆಸಿಕೊಳ್ಳುತ್ತಿದ್ದರು. ಬಟ್ಟೆಗೆ ಹತ್ತಿದ ಕೆಂಪು ದೂಳನ್ನು ನನಗೆ ತೋರಿಸಿ, "ನೋಡಲೇ, ಅರ್ಧ ಸಂಡೂರು ನನ್ನ ಕಿವ್ಯಾಗ ಐತಿ" ಎಂದು ನಗುತ್ತಿದ್ದರು. ಅದಿರು ಲಾರಿಗಳು ಹಗಲಿರುಳು ಓಡುತ್ತಿದ್ದ ಆ ವರ್ಷಗಳಲ್ಲಿ ಹೊಸಪೇಟೆಯ ಒಂದು ಕೇಬಲ್ ಚಾನೆಲ್‌ನಲ್ಲಿ ಅವರು ಸುದ್ದಿ ಓದುತ್ತಿದ್ದರು, ನಾನು ಕ್ಯಾಮೆರಾ ಹಿಡಿಯುತ್ತಿದ್ದೆ.

ಮೇಜು ಗುದ್ದಿ "ಉತ್ತರ ಕೊಡ್ರಿ!" ಎಂದು ಅವರು ಗುಡುಗಿದರೆ ಕಂಪ್ಲಿಯ ಅಕ್ಕಿ ಗಿರಣಿಯವರೂ ಕೆಲಸ ಬಿಟ್ಟು ಟಿವಿ ಮುಂದೆ ನಿಲ್ಲುತ್ತಿದ್ದರು. ಆಸ್ಪತ್ರೆಯಲ್ಲಿ ನೀರಿಲ್ಲವೆಂದು ಅವರು ಮೂರು ಸಂಜೆ ಕೂಗಾಡಿದ ಮೇಲೆ ನಾಲ್ಕನೆಯ ದಿನ ನೀರು ಬಂದಿತ್ತು. ಅದೇ ಬಾಯಿಂದ ಎಷ್ಟೋ ಜನರ ಮಾನವನ್ನೂ ಬೀದಿಗೆ ತಂದರು. ಅರ್ಧ ಊರು ಹಾರ ಹಾಕುತ್ತಿತ್ತು, ಇನ್ನರ್ಧ ಶಾಪ ಹಾಕುತ್ತಿತ್ತು. ನಾನಂತೂ ಹಾರದ ಕಡೆಯವನು. ಕಡ್ಡಿರಾಂಪುರದಲ್ಲಿ ಗಾಡಿ ನಿಲ್ಲಿಸಿ ಮಿರ್ಚಿ ಬಜ್ಜಿ ಕೊಡಿಸುವಾಗ ಮೊದಲನೆಯದನ್ನು ನನ್ನ ಕೈಗೇ ಇಡುತ್ತಿದ್ದರು.

ನಮ್ಮಲ್ಲಿದ್ದದ್ದು ಒಂದೇ ಕ್ಯಾಮೆರಾ. ಮೊದಲು ಎದುರಿನವರ ಮುಖಕ್ಕೆ ಹಿಡಿದು ಉತ್ತರ ತೆಗೆಯುತ್ತಿದ್ದೆವು. ಅವರು ಹೋದ ಮೇಲೆ ಕ್ಯಾಮೆರಾ ತಿರುಗಿಸಿದರೆ, ರಾಯರು ಅದೇ ಪ್ರಶ್ನೆಗಳನ್ನು ಖಾಲಿ ಜಾಗಕ್ಕೆ ಮತ್ತೆ ಕೇಳುತ್ತಿದ್ದರು. ಎರಡನ್ನೂ ಜೋಡಿಸುವುದು ನನ್ನ ಕೆಲಸ.

ಯಶವಂತನಗರದಲ್ಲಿ ಗಂಗಮ್ಮ ಟೀಚರ್ ಇದ್ದರು. ಶಾಲೆ ಬಿಡುವ ಹೊತ್ತಿಗೆ ರಸ್ತೆಗೆ ಅಡ್ಡ ನಿಂತು, ಲಾರಿ ತಡೆದು ಮಕ್ಕಳನ್ನು ದಾಟಿಸುತ್ತಿದ್ದರು.

"ದಿನಾ ಲಾರಿ ನಿಲ್ಲಸ್ತೀರಂತಲ್ರಿ ಟೀಚರ್?" ಎಂದು ರಾಯರು ಕೇಳಿದರು.

"ಹೌದ್ರಿ, ದಿನಾ. ಮುಚ್ಚಿಡೋದೇನೈತಿ ಇದರಾಗ?" ಎಂದು ಟೀಚರ್ ನಕ್ಕರು. ನಮಗೆ ಮಜ್ಜಿಗೆ ಕೊಟ್ಟು ತರಗತಿಗೆ ಹೋದರು.

ಸಂಜೆ ಟಿವಿಯಲ್ಲಿ ರಾಯರ ಪ್ರಶ್ನೆ ಬೇರೆಯೇ ಆಗಿತ್ತು: "ಲಾರಿಯವರ ಹತ್ರ ರೊಕ್ಕ ತಗೊಂತೀರಂತಲ್ರಿ ಟೀಚರ್?" ಉತ್ತರ ಮಾತ್ರ ಅದೇ, ಆ ನಗುವಿನ ಸಮೇತ.

ಟೀಚರ್‌ಗೆ ಎಮ್ಮಿಗನೂರಿಗೆ ಎತ್ತಂಗಡಿಯಾಯಿತು. ಹೊರಡುವ ಮೊದಲು ನಮ್ಮ ಕಚೇರಿಗೆ ಬಂದು, "ನೀವು ಹಿಂಗ ಕೇಳಿದ್ದಿಲ್ಲಲ್ರಿ" ಎಂದರು. ಅಷ್ಟೇ. ರಾಯರು ತಲೆ ತಗ್ಗಿಸಿದರು. ನಾನು ವೈರು ಸುತ್ತುತ್ತ ನಿಂತೆ. ಟೀಚರ್ ಲಂಚ ತಿಂದಿದ್ದರೋ, ರಾಯರು ಸುಳ್ಳು ಹೇಳಿದ್ದರೋ ಎಂದು ಊರಿನ ಚಹಾದಂಗಡಿಗಳಲ್ಲಿ ಇವತ್ತಿಗೂ ವಾದ ನಡೆಯುತ್ತದೆ. ನಾನು ಕೂತಲ್ಲಿಂದ ಎದ್ದು ಬರುತ್ತೇನೆ, ನಾಚಿಕೆಗೆ.

ಚಾನೆಲ್ ಮುಚ್ಚಿ ಎಷ್ಟೋ ಕಾಲದ ಮೇಲೆ, ರಾಯರು ಕಂಪ್ಲಿಯ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಾಗ ನೋಡಲು ಹೋದೆ. ಗುಡುಗುತ್ತಿದ್ದ ದನಿ ಪಕ್ಕದಲ್ಲಿ ಕೂತರೂ ಸರಿಯಾಗಿ ಕೇಳುತ್ತಿರಲಿಲ್ಲ.

"ಯಶವಂತನಗರದ ಆ ಅಸಲಿ ಟೇಪು ಐತೇನ್ಲೇ? ಇದ್ರ ಟೀಚರ್‌ಗೆ ಕೊಟ್ಟು ಬಾ. ತಪ್ಪೆಲ್ಲಾ ನಂದ ಅಂತ ಹೇಳು."

"ಅಳಿಸಿ ಹೋತ್ರಿ ಸರ್" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಹೋಗ್ಲಿ ಬಿಡು" ಎಂದು ಕೈ ತಟ್ಟಿದರು. ಅದೇ ಕೊನೆಯ ಭೇಟಿ.

ಟೇಪು ನನ್ನ ಬೀರುವಿನಲ್ಲಿದೆ. ಅವತ್ತು ಟೀಚರ್ ತರಗತಿಗೆ ಹೋದ ಮೇಲೆ ತೆಗೆದದ್ದೂ ಅದರಲ್ಲಿದೆ. ರಾಯರು ತಾವು ಕೇಳಿದ್ದ ಪ್ರಶ್ನೆಯನ್ನೇ ಎರಡು ಸಲ ಕೇಳಿ, "ಉಪ್ಪಿಲ್ಲ, ಖಾರಿಲ್ಲ" ಎಂದು ಗೊಣಗುತ್ತಾರೆ. ಆಗ ಕ್ಯಾಮೆರಾದ ಹಿಂದಿನಿಂದ ಒಬ್ಬ ಹುರುಪಿನಲ್ಲಿ ಹೇಳುತ್ತಾನೆ: "ರೊಕ್ಕ ತಗೊಂತೀರಂತಲ್ಲ ಅಂತ ಕೇಳ್ರಿ ಸರ್. ನಾ ಜೋಡಸ್ತೀನಿ."

ಅದು ನನ್ನ ದನಿ. ಸಾಯುವ ತನಕ ರಾಯರು ಅದನ್ನು ಯಾರಿಗೂ ಹೇಳಲಿಲ್ಲ. ಟೀಚರ್ ಎಮ್ಮಿಗನೂರಿನಲ್ಲೇ ಇದ್ದಾರಂತೆ. ಬಸ್ಸುಗಳಿವೆ. ನಾನಿನ್ನೂ ಹೋಗಿಲ್ಲ.